ಐದು ಸಂಸ್ಥೆ, ಒಂದೇ ಹಿಂಡು: ಬರದ ನಾಡಿನಲ್ಲಿ ಪಶುಪಾಲಕರಿಗೆ ನೆರವು ಹೊಂದಿಸುವುದು ಹೇಗೆ?

ಓದುಗರ ಪ್ರಶ್ನೆ: ನಾನು ಪಶುವೈದ್ಯ. ಉತ್ತರ ಕೀನ್ಯಾದ ಮಾರ್ಸಬಿಟ್ ಕೌಂಟಿಯಲ್ಲಿ ಒಂದು ನೆರವು ಸಂಸ್ಥೆಗೆ ಕೆಲಸ ಮಾಡುತ್ತಿದ್ದೇನೆ. ನಾವಿರುವ ಜಾಗದಲ್ಲೇ ಇನ್ನೂ ನಾಲ್ಕು ಸಂಸ್ಥೆಗಳಿವೆ. ಒಬ್ಬರು ಮೇಕೆ ಹಂಚುತ್ತಾರೆ, ಒಬ್ಬರು ಬೋರ್‌ವೆಲ್ ಕೊರೆಸುತ್ತಾರೆ, ಇಬ್ಬರು ಜಂತುನಾಶಕ ಪುಕ್ಕಟೆ ಕೊಡುತ್ತಾರೆ. ಪುಕ್ಕಟೆ ಔಷಧ ಬಂದ ಮೇಲೆ ಅಲ್ಲಿದ್ದ ಒಂದೇ ಒಂದು ಪಶು ಔಷಧ ಅಂಗಡಿ ಮುಚ್ಚಿತು. ತಿಂಗಳಿಗೊಮ್ಮೆ ಸಮನ್ವಯ ಸಭೆ ಆಗುತ್ತದೆ. ಎಲ್ಲರೂ ತಾವು ಮಾಡಿದ್ದನ್ನು ಹೇಳಿ ಹೋಗುತ್ತೇವೆ, ಏನೂ ಬದಲಾಗುವುದಿಲ್ಲ. ಈ ವರ್ಷ ನಮ್ಮ ಹತ್ತಿರವೂ ಮೇಕೆ ಹಂಚುವ ಹಣ ಇದೆ. ಡಿಸೆಂಬರ್ ಮುಗಿಯುವುದರೊಳಗೆ ಖರ್ಚಾಗಬೇಕು. ಆದರೆ ಮಳೆ ಸರಿಯಾಗಿ ಬಂದಿಲ್ಲ. ಜೊತೆಯವರು ಹೇಳುವುದು ಬೇರೆಯೇ: ಈ ಜನ ಲೆಕ್ಕವಿಲ್ಲದಷ್ಟು ದನ-ಮೇಕೆ ಇಟ್ಟುಕೊಂಡು ನೆಲ ಹಾಳು ಮಾಡುತ್ತಾರೆ, ಮಾರಿ ಅಂದರೆ ಮಾರುವುದಿಲ್ಲ, ಎಷ್ಟು ಕೊಟ್ಟರೂ ಅಷ್ಟೇ. ಇದು ನಿಜವಾ? ಒಂದು ಸಣ್ಣ ಸಂಸ್ಥೆಯಲ್ಲಿರುವ ನಾನು ಏನು ಮಾಡಬಹುದು?

ಉತ್ತರ: ತುರ್ತಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಮಳೆ ಕೈಕೊಟ್ಟಿದ್ದರೆ ಡಿಸೆಂಬರ್ ಒಳಗೆ ಮೇಕೆ ಹಂಚಬೇಡಿ. ಹಣ ವಾಪಸ್ ಹೋದರೂ ಪರವಾಗಿಲ್ಲ. ಹುಲ್ಲು ಮುಗಿಯುತ್ತಿರುವ ಹೊತ್ತಿನಲ್ಲಿ ಒಂದು ಮನೆಗೆ ಐದಾರು ಮೇಕೆ ಕೊಟ್ಟರೆ ಆ ಮನೆಯ ಕಷ್ಟ ಹೆಚ್ಚುತ್ತದೆ. ಆ ಮೇಕೆಗಳಿಗೂ ನೀರು ಹೊರಬೇಕು, ಮೇವು ಹುಡುಕಬೇಕು. ಅಲ್ಲೇ ಕೊಂಡು ಅಲ್ಲೇ ಹಂಚಿದರೆ ಒಬ್ಬರ ಹಿಂಡಿನಿಂದ ಇನ್ನೊಬ್ಬರ ಹಿಂಡಿಗೆ ಹೋಯಿತು ಅಷ್ಟೇ, ಹುಲ್ಲಿನ ಮೇಲಿನ ಭಾರ ಇದ್ದಷ್ಟೇ ಇರುತ್ತದೆ. ದೂರದಿಂದ ತಂದರೆ ಲಾರಿಯಲ್ಲಿ ರೋಗವೂ ಬರುತ್ತದೆ. ಕೀನ್ಯಾದ ತಂಪು ಬೆಟ್ಟಗಳ ಕಡೆಯಿಂದ ತಂದ ಹಾಲಿನ ಮೇಕೆಗಳು ಈ ಬಿಸಿಲಿನಲ್ಲಿ ಬಾಳುವುದು ಕಷ್ಟ. ಹಂಚುವ ಕಾಲ ಬಂದಾಗ ಹಂಚಿ. ಅದು ಒಳ್ಳೆಯ ಮಳೆ ಬಿದ್ದು, ಹುಲ್ಲು ಚಿಗುರಿ, ಜನ ತಾವೇ ಹಿಂಡು ಕಟ್ಟಲು ಶುರು ಮಾಡಿದ ಮೇಲೆ.

ನಿಮ್ಮ ಜೊತೆಯವರ ಮಾತನ್ನು ಈಗ ಬಿಡಿಸಿ ನೋಡೋಣ. ಆ ನಂಬಿಕೆ ಹಾಗೇ ಉಳಿದರೆ ಮುಂದೆ ಏನು ಮಾಡಿದರೂ ತಪ್ಪು ದಾರಿಗೇ ಹೋಗುತ್ತದೆ.

"ಜಾಸ್ತಿ ಇಟ್ಟುಕೊಳ್ಳುತ್ತಾರೆ, ಮಾರುವುದಿಲ್ಲ"

ಪಶುಪಾಲಕರು ಮಾರುವುದಿಲ್ಲ ಅನ್ನುವುದು ನಿಜವಲ್ಲ. ಅವರು ಮಾರುತ್ತಾರೆ. ಧಾನ್ಯ, ಸಕ್ಕರೆ, ಚಹಾಪುಡಿ, ಸ್ಕೂಲ್ ಫೀಸು, ಆಸ್ಪತ್ರೆ ಖರ್ಚು, ಎಲ್ಲಕ್ಕೂ ದುಡ್ಡು ಬರುವುದು ಹಿಂಡಿನಿಂದಲೇ. ಆದರೆ ಅವರು ಮಾರುವುದು ಹೋತ, ಟಗರು, ಹೋರಿ, ಗೊಡ್ಡು ಬಿದ್ದ ಪ್ರಾಣಿ. ಹಿಂಡಿನಲ್ಲಿ ಹೆಚ್ಚಿನವು ಹೆಣ್ಣು. ಮನೆಯ ಮಕ್ಕಳಿಗೆ ಹಾಲು ಅವುಗಳಿಂದಲೇ ಬರಬೇಕು. ಹಾಲಿನ ಆಡು ಮಾರಿ ಅಂತ ಹೇಳುವುದೂ ಮಕ್ಕಳ ಊಟ ಮಾರಿ ಅಂತ ಹೇಳುವುದೂ ಒಂದೇ.

ಇನ್ನೊಂದು ಲೆಕ್ಕವೂ ಇದೆ. ಬರದಲ್ಲಿ ಅರ್ಧ ಹಿಂಡು ಹೋಗುತ್ತದೆ ಅಂತ ಅವರಿಗೆ ಗೊತ್ತು. ಹತ್ತು ಮೇಕೆ ಇದ್ದವನಿಗೆ ಐದು ಉಳಿದರೆ ಅವನ ಬದುಕು ಅಲ್ಲಿಗೆ ಮುಗಿಯಿತು. ನೂರು ಇದ್ದವನಿಗೆ ಐವತ್ತು ಉಳಿದರೆ ಮತ್ತೆ ಕಟ್ಟಬಹುದು. ಒಳ್ಳೆಯ ವರ್ಷದಲ್ಲಿ ಹಿಂಡು ದೊಡ್ಡದು ಮಾಡಿಕೊಳ್ಳುವುದು ದುರಾಸೆಯಿಂದಲ್ಲ. ಬ್ಯಾಂಕು ಹತ್ತಿರವಿಲ್ಲದ ಕಡೆ ಇದೇ ಉಳಿತಾಯ, ಇದೇ ವಿಮೆ.

ನೆಲ ಹಾಳಾಗುವ ಮಾತಿಗೆ ಬರೋಣ. ಅದರಲ್ಲಿ ಸ್ವಲ್ಪ ನಿಜವಿದೆ, ಆದರೆ ಕಾರಣ ಬೇರೆ. ಮಾರ್ಸಬಿಟ್‌ನ ತಗ್ಗು ಪ್ರದೇಶದಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು. ಅದೂ ಒಂದು ಕಡೆ ಬಿದ್ದರೆ ಇಪ್ಪತ್ತು ಕಿಲೋಮೀಟರ್ ಆಚೆ ಬೀಳುವುದಿಲ್ಲ. ಪಕ್ಕದ ತುರ್ಕಾನಾದಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನಗಳು ಒಂದು ವಿಷಯ ಸ್ಪಷ್ಟ ಮಾಡಿದವು. ಇಷ್ಟು ಒಣ ನಾಡಿನಲ್ಲಿ ಈ ವರ್ಷ ಹುಲ್ಲು ಎಷ್ಟು ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಮಳೆ, ಹಿಂಡಿನ ಗಾತ್ರವಲ್ಲ. ಹಿಂಡು ಬೆಳೆದು ನೆಲವನ್ನು ಮುಗಿಸುವ ಮೊದಲೇ ಬರ ಬಂದು ಹಿಂಡನ್ನು ಇಳಿಸುತ್ತದೆ. ಮಳೆ ಬಿದ್ದ ಕಡೆಗೆ ಹಿಂಡು ಹೊಡೆದುಕೊಂಡು ಹೋಗುವುದು, ಅಂದರೆ ಅಲೆಯುವುದು, ಇಲ್ಲಿ ಬದುಕುವ ಬುದ್ಧಿವಂತಿಕೆ.

ಹಾಗಾದರೆ ನೆಲ ಹಾಳಾಗಿರುವುದು ಎಲ್ಲಿ? ಜನ ಅಲೆಯುವುದನ್ನು ನಿಲ್ಲಿಸಿದ ಜಾಗಗಳಲ್ಲಿ. ನಿಮ್ಮ ಕೌಂಟಿಯಲ್ಲೇ ಕೋರ್ ಮತ್ತು ಕರ್ಗಿ ನೋಡಿ. 1970ರ ದಶಕದ ಬರದ ನಂತರ ಅಲೆಮಾರಿ ಪಶುಪಾಲಕರಾದ ರೆಂಡಿಲೆ ಜನ ಅಲ್ಲಿ ನೆಲೆಯೂರಿದರು. ಧಾನ್ಯ ಹಂಚುತ್ತಿದ್ದದ್ದು ಅಲ್ಲಿ, ಬೋರ್‌ವೆಲ್ ಇದ್ದದ್ದು ಅಲ್ಲಿ, ಶಾಲೆ ಬಂದದ್ದೂ ಅಲ್ಲಿ. ಸುತ್ತ ಮರ ಹೋಯಿತು, ಹುಲ್ಲು ಹೋಯಿತು. ದೂರದ ಹುಲ್ಲುಗಾವಲು ಮಾತ್ರ ಮೇಯುವವರಿಲ್ಲದೆ ಉಳಿಯಿತು. ನೆರವು ಎಲ್ಲಿ ಸಿಗುತ್ತದೋ ಹಿಂಡು ಅಲ್ಲಿ ನಿಂತಿತು. ಆದ್ದರಿಂದ ನೆಲ ಹಾಳಾದ ಲೆಕ್ಕದಲ್ಲಿ ನಮ್ಮಂಥವರ ಪಾಲೂ ದೊಡ್ಡದಿದೆ. ಇದನ್ನು ನಿಮ್ಮ ಜೊತೆಯವರಿಗೆ ಸಮಾಧಾನವಾಗಿ, ಆದರೆ ಮುಚ್ಚುಮರೆ ಇಲ್ಲದೆ ಹೇಳಿ.

"ಹಿಂಡು ಇಳಿಸಿ, ಬೇಲಿ ಹಾಕಿ, ಒಂದೆಡೆ ನಿಲ್ಲಿಸಿ" ಅನ್ನುವ ಯೋಚನೆ ಕೀನ್ಯಾಕ್ಕೆ ಹೊಸದೇನಲ್ಲ. 1968ರ ಕಾನೂನಿನಡಿ ಮಾಸಾಯಿ ನಾಡಿನಲ್ಲಿ ಗ್ರೂಪ್ ರ‍್ಯಾಂಚ್‌ಗಳು, ಅಂದರೆ ಒಂದು ಗುಂಪಿನ ಹೆಸರಿಗೆ ಗಡಿ ಹಾಕಿ ಕೊಟ್ಟ ಹುಲ್ಲುಗಾವಲುಗಳು, ಬಂದವು. ಹೊರಗಿನ ಹಣವೂ ಬಂತು. ಗಡಿ ಗುರುತು ಮಾಡಿದರು. ಆದರೆ ಬರ ಬಂದಾಗ ಜನ ಆ ಗಡಿ ದಾಟಲೇಬೇಕಾಯಿತು. ಮುಂದೆ ಎಷ್ಟೋ ರ‍್ಯಾಂಚ್‌ಗಳು ಹೋಳಾಗಿ ಬೇರೆ ಬೇರೆಯವರ ಹೆಸರಿಗೆ ಹೋದವು, ಕೆಲವು ಮಾರಾಟವೂ ಆದವು. 2016ರ ಸಮುದಾಯ ಭೂಮಿ ಕಾಯ್ದೆ ಈಗ ಹುಲ್ಲುಗಾವಲನ್ನು ಇಡೀ ಸಮುದಾಯದ ಹೆಸರಿನಲ್ಲಿ ನೋಂದಾಯಿಸಲು ದಾರಿ ಮಾಡಿದೆ. ನಿಮ್ಮ ಸಂಸ್ಥೆ ಬೇಲಿಗೆ ಹಣ ಕೇಳುವ ಬದಲು ಈ ನೋಂದಣಿಗೆ ಸಹಾಯ ಮಾಡಿದರೆ ಅದು ಹೆಚ್ಚು ಕಾಲ ಬಾಳುವ ಕೆಲಸ.

ಸಭೆ ಆಗುತ್ತದೆ, ಸಮನ್ವಯ ಯಾಕೆ ಆಗುವುದಿಲ್ಲ?

ತಾನು ಮಾಡಿದ್ದನ್ನು ಹೇಳಿ ಹೋಗುವುದು ಸಮನ್ವಯವಲ್ಲ. ಅದು ವರದಿ. ಐದು ಸಂಸ್ಥೆಗಳೂ ಒಂದೇ ನಿಯಮಕ್ಕೆ ಒಪ್ಪಿದಾಗ ಮಾತ್ರ ಸಮನ್ವಯ ಶುರುವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರತಿಯೊಬ್ಬರೂ ತಾವು *ಏನು ಮಾಡುವುದಿಲ್ಲ* ಅಂತ ಒಪ್ಪಬೇಕು. ನಿಮ್ಮ ಔಷಧ ಅಂಗಡಿಯ ವಿಷಯದಲ್ಲಿ ಬೇಕಾಗಿದ್ದದ್ದು ಒಂದೇ ಮಾತು: ಯಾರೂ ಪುಕ್ಕಟೆ ಔಷಧ ಹಂಚುವುದಿಲ್ಲ. ಆ ಮಾತನ್ನು ಆ ಮೇಜಿನ ಸುತ್ತ ಯಾರೂ ಆಡಿಲ್ಲ, ಅಲ್ವಾ?

ಆಗುವುದೇ ಇಲ್ಲ ಅನ್ನುವವರಿಗೆ ನಾನು ಯಾವಾಗಲೂ ಹೇಳುವ ಉದಾಹರಣೆ ದಕ್ಷಿಣ ಸುಡಾನಿನದು. ಯುದ್ಧ ನಡೆಯುತ್ತಿದ್ದ ಕಾಲ. ರಸ್ತೆ ಇಲ್ಲ, ಕರೆಂಟಿಲ್ಲ, ಕೆಲಸ ಮಾಡುವ ಸರ್ಕಾರಿ ಪಶು ಇಲಾಖೆ ಇಲ್ಲ. ಜನ ಬದುಕುವುದು ದನದಿಂದ, ದನಕ್ಕೆ ರಿಂಡರ್‌ಪೆಸ್ಟ್ ಅನ್ನುವ ಮಾರಕ ಸಾಂಕ್ರಾಮಿಕ ರೋಗ ಅಂಟಿತ್ತು. 1989ರಲ್ಲಿ ವಿಶ್ವಸಂಸ್ಥೆಯ ಆಪರೇಷನ್ ಲೈಫ್‌ಲೈನ್ ಸುಡಾನ್ ಶುರುವಾಗಿತ್ತು. 1993ರಿಂದ ಅದರ ಪಶು ಕಾರ್ಯಕ್ರಮವನ್ನು ಯುನಿಸೆಫ್ ಹೊಸ ರೀತಿಯಲ್ಲಿ ನಡೆಸಿತು. ಹಲವು ಸಂಸ್ಥೆಗಳು ಒಂದೇ ನಿಯಮಕ್ಕೆ ಬಂದವು. ಊರಿನವರೇ ಆರಿಸಿದ ಜನರಿಗೆ ತರಬೇತಿ, ಎಲ್ಲ ಕಡೆ ಒಂದೇ ಪಾಠ. ಔಷಧಕ್ಕೆ ದುಡ್ಡು ತೆಗೆದುಕೊಳ್ಳುವುದು, ಎಲ್ಲ ಕಡೆ ಒಂದೇ ನೀತಿ. ಫ್ರಿಜ್ ಇಲ್ಲದೆ ಸುಮಾರು ಒಂದು ತಿಂಗಳು ತಡೆಯುವ, ಶಾಖಕ್ಕೆ ಕೆಡದ ಲಸಿಕೆ ಕೈಯಲ್ಲಿತ್ತು. ಪ್ರತಿ ಸಂಸ್ಥೆಗೂ ಅದರದೇ ಪ್ರದೇಶ.

ಫಲ ಏನಾಯಿತು? 1992ರಲ್ಲಿ ಲಸಿಕೆ ಸಿಕ್ಕಿದ್ದು ಸುಮಾರು 1.4 ಲಕ್ಷ ದನಗಳಿಗೆ. 1993ರಲ್ಲಿ ಅದು 10 ಲಕ್ಷ ದಾಟಿತು. ಜಗತ್ತಿನಲ್ಲಿ ರಿಂಡರ್‌ಪೆಸ್ಟ್ ಕೊನೆಯದಾಗಿ ಕಂಡದ್ದು 2001ರಲ್ಲಿ, ಕೀನ್ಯಾದ ಮೇರು ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ. 2011ರಲ್ಲಿ ಜಗತ್ತೇ ರೋಗಮುಕ್ತ ಅಂತ ಘೋಷಣೆಯಾಯಿತು. ಈ ಗೆಲುವಿನಲ್ಲಿ ದೊಡ್ಡ ಪಾಲು ಆಫ್ರಿಕಾದ ಪಶುಪಾಲಕರದು. ರೋಗ ಎಲ್ಲಿ ಅಡಗಿದೆ ಅಂತ ಹೇಳಿದವರು ಅವರು, ದನ ಕೂಡಿಹಾಕಿ ಕೊಟ್ಟವರು ಅವರು, ಎಷ್ಟೋ ಕಡೆ ಲಸಿಕೆಯ ಸೂಜಿ ಚುಚ್ಚಿದವರೂ ಅವರೇ.

ಯುದ್ಧದ ನಡುವೆ ಆದದ್ದು ಶಾಂತಿಯಿರುವ ಕಡೆ ಯಾಕೆ ಆಗುವುದಿಲ್ಲ? ನನ್ನ ಅನುಭವದಲ್ಲಿ ಮುಖ್ಯ ಕಾರಣ ಹಣದ ಕ್ಯಾಲೆಂಡರು. ದಾನಿಯ ವರ್ಷ ಡಿಸೆಂಬರ್‌ಗೋ ಸೆಪ್ಟೆಂಬರ್‌ಗೋ ಮುಗಿಯುತ್ತದೆ. ಹಿಂಡಿನ ವರ್ಷ ನಡೆಯುವುದು ಮಾರ್ಚ್-ಮೇ ಮಳೆ ಮತ್ತು ಅಕ್ಟೋಬರ್-ಡಿಸೆಂಬರ್ ಮಳೆಯ ಮೇಲೆ. ಎರಡೂ ಕೂಡುವುದಿಲ್ಲ. ತುರ್ತು ನೆರವಿನ ಹಣ ಒಂದು ಕೋಣೆಯಲ್ಲಿ, ಅಭಿವೃದ್ಧಿಯ ಹಣ ಇನ್ನೊಂದು ಕೋಣೆಯಲ್ಲಿ. ಬರ ಶುರುವಾದಾಗ ಅಭಿವೃದ್ಧಿಯವರು "ಇದು ನಮ್ಮ ಕೆಲಸವಲ್ಲ" ಅನ್ನುತ್ತಾರೆ, ತುರ್ತಿನವರು "ಇನ್ನೂ ತುರ್ತಾಗಿಲ್ಲ" ಅನ್ನುತ್ತಾರೆ. ಈ ನಡುವಿನ ಎರಡು-ಮೂರು ತಿಂಗಳಲ್ಲೇ ಹಿಂಡು ಉಳಿಯಬೇಕಾಗಿರುವುದು.

2011ರಲ್ಲಿ ಆದದ್ದು ಇದೇ. ಬರದ ಎಚ್ಚರಿಕೆ 2010ರ ಕೊನೆಯ ತಿಂಗಳುಗಳಲ್ಲೇ ಬಂದಿತ್ತು. ದೊಡ್ಡ ಹಣ ಹರಿದದ್ದು 2011ರ ಜುಲೈ 20ರಂದು ದಕ್ಷಿಣ ಸೊಮಾಲಿಯಾದಲ್ಲಿ ಕ್ಷಾಮ ಘೋಷಣೆಯಾದ ಮೇಲೆ. ಅಷ್ಟರಲ್ಲಿ ದನ ಸತ್ತಿದ್ದವು, ಮಕ್ಕಳು ಸಾಯುತ್ತಿದ್ದರು. ಆ ಕ್ಷಾಮದಲ್ಲಿ ಸುಮಾರು 2.6 ಲಕ್ಷ ಜನ ಸತ್ತರು ಅಂತ ಆಮೇಲಿನ ಲೆಕ್ಕ ಹೇಳಿತು, ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. 2020ರ ಕೊನೆಯಿಂದ ಮತ್ತೆ ಐದು ಮಳೆಗಾಲ ಸಾಲಾಗಿ ಕೈಕೊಟ್ಟಾಗ ಎಚ್ಚರಿಕೆಗೇನೂ ಕೊರತೆ ಇರಲಿಲ್ಲ. ನಮಗೆ ಕೊರತೆ ಇರುವುದು ಮಾಹಿತಿಯದ್ದಲ್ಲ, ಎಚ್ಚರಿಕೆ ಬಂದ ದಿನವೇ ಹಣ ಬಿಡುವ ಒಪ್ಪಂದದ್ದು.

ಯಾವ ಹೊತ್ತಿಗೆ ಏನು

ಕೀನ್ಯಾದಲ್ಲಿ ನಿಮಗೆ ಒಂದು ಅನುಕೂಲ ಇದೆ, ಬಹಳ ದೇಶಗಳಲ್ಲಿ ಇಲ್ಲದ್ದು. ರಾಷ್ಟ್ರೀಯ ಬರ ನಿರ್ವಹಣಾ ಪ್ರಾಧಿಕಾರ (ಎನ್‌ಡಿಎಂಎ) ಪ್ರತಿ ತಿಂಗಳೂ ಪ್ರತಿ ಬರಪೀಡಿತ ಕೌಂಟಿಯ ಸ್ಥಿತಿ ಪ್ರಕಟಿಸುತ್ತದೆ. ಸಾಮಾನ್ಯ, ಎಚ್ಚರಿಕೆ, ಅಪಾಯ, ತುರ್ತು, ಆಮೇಲೆ ಚೇತರಿಕೆ, ಹೀಗೆ ಹಂತ ಹೇಳುತ್ತಾರೆ. ಹಸಿರು ಎಷ್ಟಿದೆ, ನೀರಿಗೆ ಎಷ್ಟು ದೂರ ನಡೆಯಬೇಕು, ಮೇಕೆಯ ಬೆಲೆ ಎಷ್ಟು, ಹಾಲು ಎಷ್ಟು, ಅಪೌಷ್ಟಿಕತೆ ತಿಳಿಯಲು ಮಕ್ಕಳ ತೋಳಿನ ಅಳತೆ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಐದು ಸಂಸ್ಥೆಗಳೂ ತಮ್ಮ ಕೆಲಸವನ್ನು ಈ ಹಂತಗಳಿಗೆ ಕಟ್ಟಿಕೊಂಡರೆ ಅರ್ಧ ಸಮನ್ವಯ ಆದಹಾಗೆ. ಯಾರ ಅಭಿಪ್ರಾಯ ಸರಿ ಅನ್ನುವ ಜಗಳ ಇರುವುದಿಲ್ಲ.

ಎಚ್ಚರಿಕೆ ಹಂತದಲ್ಲಿ ಮಾಡಬೇಕಾದದ್ದು ಮಾರಾಟ. ಪ್ರಾಣಿಗಳ ಮೈಯಲ್ಲಿ ಇನ್ನೂ ಮಾಂಸ ಇರುವಾಗ, ಸಂತೆಯಲ್ಲಿ ಬೆಲೆ ಇನ್ನೂ ಬೀಳದಿರುವಾಗ. ಇದಕ್ಕೆ ಒಳ್ಳೆಯ ಉದಾಹರಣೆ ನಿಮ್ಮ ಗಡಿಯಾಚೆಯೇ ಇದೆ. 2006ರ ಬರದಲ್ಲಿ ಇಥಿಯೋಪಿಯಾದ ಬೊರಾನಾ ಸೀಮೆಯ ಮೊಯಾಲೆಯಲ್ಲಿ ಒಂದು ಸಂಸ್ಥೆ ತಾನೇ ದನ ಕೊಳ್ಳಲು ಹೋಗಲಿಲ್ಲ. ಇಬ್ಬರು ವ್ಯಾಪಾರಿಗಳನ್ನು ಕರೆತಂದು ಹಿಂಡು ತೋರಿಸಿತು, ತಲಾ 25,000 ಡಾಲರ್ ಸಾಲ ಕೊಟ್ಟಿತು. ವ್ಯಾಪಾರಿಗಳು ತಮ್ಮ ಹಣವನ್ನೂ ಸೇರಿಸಿ ಸುಮಾರು 20,000 ದನ ಕೊಂಡರು. ಪಶುಪಾಲಕರ ಕೈಗೆ 10 ಲಕ್ಷ ಡಾಲರ್‌ಗೂ ಸ್ವಲ್ಪ ಜಾಸ್ತಿ ಬಂತು, ಮಾರಿದ ಪ್ರತಿ ಮನೆಗೆ ಸರಾಸರಿ 186 ಡಾಲರ್. ಆ ದುಡ್ಡಿನಲ್ಲಿ ಜನ ಊಟದ ಸಾಮಾನು ಕೊಂಡರು, ಉಳಿದ ದನಗಳಿಗೆ ಮೇವು ಮತ್ತು ಔಷಧ ಕೊಂಡರು, ಕೆಲವರು ದನಗಳನ್ನು ಲಾರಿಯಲ್ಲಿ ಹುಲ್ಲಿರುವ ಕಡೆಗೆ ಸಾಗಿಸಿದರು. ಜೊತೆಯವರಿಗೆ ಇದನ್ನೂ ಹೇಳಿ. ಬೆಲೆ ಇದ್ದಾಗ, ಕೊಳ್ಳುವವನು ಬಾಗಿಲಿಗೆ ಬಂದಾಗ, ಬೊರಾನಾ ಜನ ಮಾರಿದರು.

ಇದರ ಅಪಾಯವನ್ನೂ ತಿಳಿದುಕೊಳ್ಳಿ. ತಡವಾದರೆ ವ್ಯಾಪಾರಿ ಬರುವುದಿಲ್ಲ. ಬಡಕಲು ದನ ದೂರದ ಸಂತೆ ಮುಟ್ಟುವ ಮೊದಲೇ ಸಾಯುತ್ತದೆ. ರಸ್ತೆ ಪಕ್ಕದವರಿಗೆ ಮಾತ್ರ ಲಾಭವಾಗಿ ಒಳನಾಡಿನವರು ಉಳಿದುಬಿಡಬಹುದು. ಈ ಕೆಲಸ ಸರಿಯಾಗಿ ನಡೆಯುತ್ತಿರುವಾಗ ಇನ್ನೊಂದು ಸಂಸ್ಥೆ ಬಂದು ಸಂತೆಗಿಂತ ಹೆಚ್ಚು ಬೆಲೆಗೆ ಬಡಕಲು ದನ ಕೊಳ್ಳಲು ನಿಂತರೆ ವ್ಯಾಪಾರಿ ಓಡಿಹೋಗುತ್ತಾನೆ. ಕೊಂಡು ಕಡಿದು ಮಾಂಸ ಹಂಚುವ ಕೆಲಸಕ್ಕೂ ಒಂದು ಹೊತ್ತಿದೆ. ಅದು ಮಾರುಕಟ್ಟೆ ಪೂರ್ತಿ ಬಿದ್ದ ಮೇಲೆ. ಯಾವ ದಿನದಿಂದ ಅದು ಶುರು ಅನ್ನುವುದನ್ನು ಎಲ್ಲರೂ ಮೊದಲೇ ಒಪ್ಪಿರಬೇಕು.

ಅಪಾಯ ಹಂತಕ್ಕೆ ಬಂದಾಗ ಮೇವು ಮತ್ತು ನೀರು. ಮೇವು ಎಲ್ಲ ಪ್ರಾಣಿಗೂ ಕೊಡಲು ಯಾರ ಕೈಯಲ್ಲೂ ಆಗುವುದಿಲ್ಲ. ಗಬ್ಬದ ಮತ್ತು ಹಾಲಿನ ಹೆಣ್ಣುಗಳಿಗೆ ಮಾತ್ರ ಕೊಡಿ, ಮನೆಗೆ ಎಷ್ಟು ಅಂತ ಗೊತ್ತುಮಾಡಿ. ಯಾವುದನ್ನು ಉಳಿಸಬೇಕು ಅಂತ ಹೆಂಗಸರನ್ನು ಕೇಳಿ. ಮರಿಗಳನ್ನು, ಮನೆ ಹತ್ತಿರದ ಹಾಲಿನ ಮೇಕೆಗಳನ್ನು ನೋಡಿಕೊಳ್ಳುವವರು ಅವರೇ. ಗಂಡಸರ ಸಭೆಯಲ್ಲಿ ಕೇಳಿದರೆ ದನ-ಒಂಟೆಯ ಮಾತೇ ಜಾಸ್ತಿ ಬರುತ್ತದೆ.

ಹಣದ ವಿಷಯದಲ್ಲಿ ಇನ್ನೊಂದು ದಾರಿ ವಿಮೆ. ಅದು ಹುಟ್ಟಿದ್ದೇ ನಿಮ್ಮ ಮಾರ್ಸಬಿಟ್‌ನಲ್ಲಿ, 2010ರಲ್ಲಿ. ಉಪಗ್ರಹದಿಂದ ಹಸಿರು ಅಳೆದು, ಅದು ಗೊತ್ತಾದ ಮಟ್ಟಕ್ಕಿಂತ ಇಳಿದರೆ ಹಣ ಕೊಡುತ್ತಾರೆ. ಸತ್ತ ಪ್ರಾಣಿ ಎಣಿಸಬೇಕಾಗಿಲ್ಲ. ಮೊದಲು ಪ್ರಾಣಿ ಸತ್ತ ನಷ್ಟಕ್ಕೆ ಅಂತ ಕೊಡುತ್ತಿದ್ದರು, ಆಮೇಲೆ ಸಾಯುವ ಮುಂಚೆಯೇ ಮೇವು ಕೊಳ್ಳಲು ಸಿಗುವಂತೆ ಬದಲಾಯಿಸಿದರು. ಆ ಬದಲಾವಣೆ ಸರಿಯಾದದ್ದು. ಆದರೆ ಉಪಗ್ರಹಕ್ಕೆ ಹಸಿರು ಕಾಣುತ್ತದೆ, ಮೇವು ಕಾಣುವುದಿಲ್ಲ. ಬಳ್ಳಾರಿ ಜಾಲಿ ತುಂಬಿದ ಜಾಗ ಮೇಲಿನಿಂದ ಹಸಿರಾಗೇ ಇರುತ್ತದೆ, ಅಲ್ಲಿ ಹಿಂಡು ಹಸಿದಿರುತ್ತದೆ. ಹಾಗಾಗಿ ನಷ್ಟವಾದರೂ ಹಣ ಬಾರದವರು ಇದ್ದೇ ಇರುತ್ತಾರೆ. ಸಬ್ಸಿಡಿ ನಿಂತರೆ ಕೊಳ್ಳುವವರೂ ಕಡಿಮೆಯಾಗುತ್ತಾರೆ. ವಿಮೆಯನ್ನು ನಂಬಿ ಬೇರೆ ಕೆಲಸ ಬಿಡಬೇಡಿ.

ಜಾಲಿಯ ಮಾತು ಬಂತು, ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಕೀನ್ಯಾದ ಬರಿಂಗೋಗೆ ಅದು ಬಂದದ್ದೇ 1980ರ ದಶಕದಲ್ಲಿ, ನೆರವಿನ ಯೋಜನೆಯ ಮೂಲಕ. ಸೌದೆ ಸಿಗುತ್ತದೆ, ಮರಳು ನಿಲ್ಲುತ್ತದೆ ಅಂತ ನೆಟ್ಟರು. ಮೇಯಿಸುವವರನ್ನು ಕೇಳಲಿಲ್ಲ. ಅದು ಹುಲ್ಲುಗಾವಲನ್ನೇ ನುಂಗಿತು. ಕೊನೆಗೆ ಊರಿನವರು ಕೋರ್ಟಿಗೆ ಹೋದರು, ಅದರ ಕಾಯಿ ತಿಂದು ಹಲ್ಲು ಕಳೆದುಕೊಂಡ ಮೇಕೆಯನ್ನೇ ಸಾಕ್ಷಿಗೆ ತಂದರು. ಒಂದು ಇಲಾಖೆಗೆ ಒಳ್ಳೆಯದಾಗಿ ಕಂಡದ್ದು ಇನ್ನೊಂದಕ್ಕೆ ವಿಷವಾಗಬಹುದು. ಸೌದೆಯವರೂ ಹುಲ್ಲಿನವರೂ ಒಂದೇ ಮೇಜಿಗೆ ಬರಬೇಕಾದದ್ದು ಅದಕ್ಕೇ.

ಔಷಧ ಅಂಗಡಿ ಮತ್ತು ಬೋರ್‌ವೆಲ್

ಪುಕ್ಕಟೆ ಔಷಧದ ಬಗ್ಗೆ ನಿಮ್ಮ ಕಳವಳ ಪೂರ್ತಿ ಸರಿ. ಎರಡು ಸಂಸ್ಥೆ ಒಂದು ವಾರ ಬಂದು ಹಂಚಿ ಹೋಗುತ್ತವೆ. ಉಳಿದ ಐವತ್ತೊಂದು ವಾರ ಔಷಧ ಸಿಗಬೇಕಾದದ್ದು ಅಂಗಡಿಯಲ್ಲಿ. ಆ ಅಂಗಡಿ ಮುಚ್ಚಿದರೆ ಜನ ಸಂತೆಯಲ್ಲಿ ಯಾರೋ ಮಾರುವ ಅವಧಿ ಮುಗಿದ ಬಾಟಲಿ ಕೊಳ್ಳುತ್ತಾರೆ, ಅರ್ಧ ಡೋಸು ಕೊಡುತ್ತಾರೆ. ಔಷಧಕ್ಕೆ ಬಗ್ಗದ ಜಂತು ಹುಟ್ಟುವುದು ಹೀಗೆ.

ಬಡವರಿಗೆ ದುಡ್ಡಿಲ್ಲ ಅನ್ನುವುದೂ ನಿಜವೇ. ಅದಕ್ಕೆ ಚೀಟಿ ಪದ್ಧತಿ ಇದೆ, ಉತ್ತರ ಕೀನ್ಯಾದಲ್ಲಿ ಹಿಂದೆಯೇ ಮಾಡಿದ್ದಾರೆ. ಸಂಸ್ಥೆ ಬಡ ಮನೆಗೆ ಚೀಟಿ ಕೊಡುತ್ತದೆ. ಮನೆಯವರು ಅದನ್ನು ಪಶು ಆರೋಗ್ಯ ಕಾರ್ಯಕರ್ತನಿಗೆ ಕೊಟ್ಟು ಚಿಕಿತ್ಸೆ ಪಡೆಯುತ್ತಾರೆ. ಅವನು ಚೀಟಿ ಒಪ್ಪಿಸಿ ಅಂಗಡಿಯಿಂದ ಔಷಧ ಮತ್ತು ತನ್ನ ಕೂಲಿ ತೆಗೆದುಕೊಳ್ಳುತ್ತಾನೆ. ಸಂಸ್ಥೆ ಅಂಗಡಿಗೆ ಹಣ ಕಟ್ಟುತ್ತದೆ. ಬಡವನಿಗೆ ಔಷಧ ಸಿಕ್ಕಿತು, ಅಂಗಡಿಯೂ ಉಳಿಯಿತು. ತೊಂದರೆ ಅಂದರೆ ಚೀಟಿ ಯಾರಿಗೆ ಅನ್ನುವ ಆಯ್ಕೆಯಲ್ಲಿ ಜಗಳ, ಕಳ್ಳ ಚೀಟಿ, ಹಣ ಕಟ್ಟಲು ತಡ. ಮೂರು ತಿಂಗಳು ಹಣ ಕಟ್ಟದಿದ್ದರೆ ಅಂಗಡಿಯವನು ಮತ್ತೆ ಮುಳುಗುತ್ತಾನೆ. ಕೀನ್ಯಾದ 2011ರ ಪಶುವೈದ್ಯ ಕಾನೂನನ್ನೂ ನೋಡಿಕೊಳ್ಳಿ. ನೋಂದಣಿ ಇಲ್ಲದವರು ಚಿಕಿತ್ಸೆ ಮಾಡುವಂತಿಲ್ಲ. ನಿಮ್ಮ ಪದವಿ ಬೇರೆ ದೇಶದ್ದಾಗಿದ್ದರೂ ನಿಮಗೂ ಅದು ಅನ್ವಯ. ಕೌಂಟಿ ಪಶು ಅಧಿಕಾರಿಯ ಒಪ್ಪಿಗೆ ಇಲ್ಲದೆ ಇದನ್ನು ಶುರು ಮಾಡಬೇಡಿ.

ಲಸಿಕೆ ಮಾತ್ರ ಪುಕ್ಕಟೆ ಇರಲಿ. ಕುರಿ-ಮೇಕೆಗಳ ಸಾಂಕ್ರಾಮಿಕವಾದ ಪಿಪಿಆರ್‌ನಂಥ ರೋಗ ಒಬ್ಬರ ಹಿಂಡಿನಿಂದ ಎಲ್ಲರ ಹಿಂಡಿಗೂ ಹೋಗುತ್ತದೆ, ಅದನ್ನು ತಡೆಯುವುದು ಎಲ್ಲರ ಕೆಲಸ. ಆದರೆ ಒಳ್ಳೆಯ ಪಿಪಿಆರ್ ಲಸಿಕೆ ಒಮ್ಮೆ ಹಾಕಿದರೆ ಕನಿಷ್ಠ ಮೂರು ವರ್ಷ ರಕ್ಷಣೆ ಕೊಡುತ್ತದೆ. ಇಬ್ಬರು ಬಂದು ರಸ್ತೆ ಬದಿಯ ಅದೇ ಮೇಕೆಗೆ ಎರಡು ಸಲ ಹಾಕಿ, ಒಳಗಿನ ಹಿಂಡಿಗೆ ಯಾರೂ ಹಾಕದಿದ್ದರೆ ಎರಡೂ ಲೆಕ್ಕದಲ್ಲಿ ಸಂಖ್ಯೆ ಏರುತ್ತದೆ, ರೋಗ ಮಾತ್ರ ಉಳಿಯುತ್ತದೆ. ಯಾವ ಹಿಂಡಿಗೆ ಯಾವಾಗ ಹಾಕಿತು ಅನ್ನುವ ಒಂದೇ ಪುಸ್ತಕ ಕೌಂಟಿ ಕಚೇರಿಯಲ್ಲಿರಲಿ. ನಿಮ್ಮ ಐದು ಸಂಸ್ಥೆಗಳು ಇದೊಂದನ್ನು ಮಾಡಿದರೂ ಅದು ದೊಡ್ಡ ಕೆಲಸವೇ.

ಬೋರ್‌ವೆಲ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಈ ನಾಡಿನಲ್ಲಿ ಹುಲ್ಲಿಗೆ ಬೀಗ ಹಾಕುವುದು ನೀರು. ಬರಕ್ಕೆ ಅಂತ ಕಾದಿಟ್ಟ ಹುಲ್ಲುಗಾವಲಿನಲ್ಲಿ ನೀರಿಲ್ಲದ್ದರಿಂದಲೇ ಅಲ್ಲಿ ವರ್ಷವಿಡೀ ಮೇಯಿಸಲು ಆಗುವುದಿಲ್ಲ, ಅದಕ್ಕೇ ಹುಲ್ಲು ಉಳಿದಿರುತ್ತದೆ. ಅಲ್ಲಿ ಬೋರ್‌ವೆಲ್ ಕೊರೆದರೆ ಬರ ಬರುವ ಮೊದಲೇ ಆ ಹುಲ್ಲು ಮುಗಿಯುತ್ತದೆ. ಬೊರಾನಾ ಜನರ ಆಳದ ತುಲಾ ಬಾವಿಗಳಲ್ಲಿ ಯಾವ ಹಿಂಡು ಯಾವ ದಿನ ನೀರು ಕುಡಿಯಬೇಕು ಅಂತ ಗೊತ್ತುಮಾಡಲು ಅಬ್ಬಾ ಹೆರೆಗಾ ಅನ್ನುವ ಹಿರಿಯರಿದ್ದಾರೆ. ಹಾಗೆ ನೀರು ಅಳೆದು ಕೊಡುವ ಅಧಿಕಾರ ಯಾರದ್ದು ಅಂತ ತೀರ್ಮಾನವಾಗದ ಜಾಗದಲ್ಲಿ ಕೊರೆಸಬೇಡಿ. ಇದ್ದ ಬಾವಿ, ಇದ್ದ ಪಂಪು ರಿಪೇರಿ ಮಾಡಿಸುವುದು ಹೆಚ್ಚು ಸುರಕ್ಷಿತ, ಖರ್ಚೂ ಕಡಿಮೆ. ಅದಕ್ಕೆ ಬೋರ್ಡು ಹಾಕಿ ಫೋಟೋ ತೆಗೆಯಲು ಆಗುವುದಿಲ್ಲ, ಆದ್ದರಿಂದ ದಾನಿಗಳಿಗೆ ಒಪ್ಪಿಸಲು ನೀವು ಸ್ವಲ್ಪ ಹೆಣಗಬೇಕಾಗುತ್ತದೆ.

ಈಗ ನೀವು ಏನು ಮಾಡಬಹುದು

ಹೊಸ ವೇದಿಕೆ ಕಟ್ಟಬೇಡಿ. ಬರದ ಕೆಲಸ ಹೊಂದಿಸುವ ಕೌಂಟಿ ಸ್ಟೀರಿಂಗ್ ಗ್ರೂಪ್ ಈಗಾಗಲೇ ಇದೆ, ಎನ್‌ಡಿಎಂಎ ಅದರ ಕಾರ್ಯದರ್ಶಿ ಕೆಲಸ ಮಾಡುತ್ತದೆ. 2013ರ ವಿಕೇಂದ್ರೀಕರಣದ ನಂತರ ಪಶು ಸೇವೆ ಕೌಂಟಿ ಸರ್ಕಾರದ ಜವಾಬ್ದಾರಿ. ಅಧಿಕಾರಿ ಬಿಟ್ಟು ನೀವು ಐದು ಜನ ಸೇರಿದರೆ ಕೆಲಸ ಬೇಗ ಆಗಬಹುದು, ಆದರೆ ನೀವು ಹೋದ ದಿನ ಅದೂ ಹೋಗುತ್ತದೆ. ಸರ್ಕಾರದ ಮೂಲಕ ಹೋಗುವುದಕ್ಕೂ ಬೆಲೆ ಇದೆ. ಹಣ ತಡವಾಗುತ್ತದೆ, ವಾರ್ಡು ವಾರ್ಡಿನ ರಾಜಕೀಯ ಬರುತ್ತದೆ, ಒಂದು ಕುಲದವರ ಕಡೆ ವಾಲಿದ್ದಾರೆ ಅನ್ನುವ ದೂರು ಬರುತ್ತದೆ. ಹುಲ್ಲು-ನೀರಿಗಾಗಿ ಜಗಳವಾಗುವ ಜಾಗದಲ್ಲಿ ಈ ಕೊನೆಯ ದೂರನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಯಾವ ಸಮುದಾಯಕ್ಕೆ ಎಷ್ಟು ಹೋಯಿತು ಅನ್ನುವ ಪಟ್ಟಿ ಎಲ್ಲರಿಗೂ ಕಾಣುವಂತೆ ಇರಲಿ. ಇಷ್ಟೆಲ್ಲ ಇದ್ದರೂ ನಾನು ಈ ದಾರಿಯನ್ನೇ ಆರಿಸುತ್ತೇನೆ. 2025ರಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಮುಚ್ಚಿದಾಗ ಅದರ ಹಣದ ಮೇಲೆ ಮಾತ್ರ ನಿಂತಿದ್ದ ಕೆಲಸಗಳು ರಾತ್ರೋರಾತ್ರಿ ನಿಂತವು. ಇಂಥ ಹೊತ್ತಿನಲ್ಲಿ ಉಳಿಯುವುದು ಕೌಂಟಿಯದೋ ಸಮುದಾಯದ್ದೋ ಆದ ಕೆಲಸ ಮಾತ್ರ.

ಮುಂದಿನ ಸಭೆಗೆ ಒಂದೇ ಒಂದು ಹಾಳೆ ತೆಗೆದುಕೊಂಡು ಹೋಗಿ. ಅಡ್ಡಸಾಲಿನಲ್ಲಿ ಬರದ ಐದು ಹಂತ, ಕೆಳಗೆ ಐದು ಸಂಸ್ಥೆಗಳ ಹೆಸರು. ಪ್ರತಿ ಚೌಕದಲ್ಲಿ ಆ ಹಂತದಲ್ಲಿ ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಅಂತ ಬರೆಯಲು ಹೇಳಿ. ನಿಮ್ಮ ಸಾಲನ್ನು ಮೊದಲೇ ತುಂಬಿಕೊಂಡು ಹೋಗಿ. ಅದರಲ್ಲಿ "ಎಚ್ಚರಿಕೆ ಹಂತದಿಂದ ಮುಂದೆ ಮೇಕೆ ಹಂಚುವುದಿಲ್ಲ" ಅಂತ ನೀವೇ ಮೊದಲು ಬರೆದಿದ್ದರೆ ಉಳಿದವರನ್ನು ಕೇಳಲು ನಿಮಗೆ ಬಾಯಿ ಇರುತ್ತದೆ. ಎಲ್ಲರೂ ಒಪ್ಪುವುದಿಲ್ಲ. ಇಬ್ಬರು ಒಪ್ಪಿದರೂ ಶುರು ಮಾಡಿ.

ದಾನಿಗೆ ಇವತ್ತೇ ಪತ್ರ ಬರೆಯಿರಿ. ಎನ್‌ಡಿಎಂಎಯ ಇತ್ತೀಚಿನ ತಿಂಗಳ ವರದಿ ಲಗತ್ತಿಸಿ. ಮೇಕೆ ಹಂಚುವ ಹಣದ ಒಂದು ಭಾಗವನ್ನು ಈಗ ಮಾರಾಟಕ್ಕೆ ಮತ್ತು ಔಷಧ ಚೀಟಿಗೆ ತಿರುಗಿಸಲು, ಉಳಿದದ್ದನ್ನು ಚೇತರಿಕೆ ಹಂತಕ್ಕೆ ಮುಂದೂಡಲು ಕೇಳಿ. ಪಶು ತುರ್ತು ನೆರವಿಗೆ ಲೆಗ್ಸ್ ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. 2009ರಲ್ಲಿ ಮೊದಲು ಬಂತು, 2023ರಲ್ಲಿ ಮೂರನೇ ಆವೃತ್ತಿ ಬಂದಿದೆ. ಯಾವ ಹಂತದಲ್ಲಿ ಯಾವ ನೆರವು ಅನ್ನುವ ಪಟ್ಟಿ ಅದರಲ್ಲಿದೆ. ದಾನಿ ಸಂಸ್ಥೆಗಳಲ್ಲಿ ಅದು ಗೊತ್ತಿರುತ್ತದೆ. ನಿಮ್ಮ ಮಾತಿಗಿಂತ ಅದರ ಮಾತಿಗೆ ಬೇಗ ತಲೆಯಾಡಿಸುತ್ತಾರೆ. ಅದನ್ನು ಸುಮ್ನೆ ಹೆಸರಿಸಬೇಡಿ, ಪುಟ ಸಂಖ್ಯೆ ಸಮೇತ ಬರೆಯಿರಿ.

ಮುಂದೆ ಮೇಕೆ ಹಂಚುವ ಕಾಲ ಬಂದಾಗ ಬೊರಾನಾ ಜನರ ಬೂಸಾ ಗೊನೊಫಾ ಬಗ್ಗೆ ಹಿರಿಯರನ್ನು ಕೇಳಿ. ಹಿಂಡು ಕಳೆದುಕೊಂಡ ಮನೆಗೆ ಕುಲದವರೆಲ್ಲ ಸೇರಿ ಪ್ರಾಣಿ ಕೊಡುವ ಪದ್ಧತಿ ಅದು. ಯಾರು ಮತ್ತೆ ಹಿಂಡು ಕಟ್ಟಬಲ್ಲರು, ಯಾರಿಗೆ ಮೇಯಿಸುವ ಕೈಗಳಿಲ್ಲ ಅನ್ನುವುದು ಅವರಿಗೆ ಗೊತ್ತು. ಕುಲದವರು ಐದು ಕೊಟ್ಟರೆ ನೀವು ಹದಿನೈದು ಸೇರಿಸಿ. ನೂರು ಮನೆಗೆ ಐದೈದು ಹಂಚುವುದಕ್ಕಿಂತ ಇಪ್ಪತ್ತೈದು ಮನೆಗೆ ಬದುಕುವಷ್ಟು ಕೊಡುವುದು ಲೇಸು. ವರದಿಯಲ್ಲಿ ಸಂಖ್ಯೆ ಸಣ್ಣದಾಗುತ್ತದೆ, ಅದಕ್ಕೆ ಈಗಿನಿಂದಲೇ ದಾನಿಯನ್ನು ಸಿದ್ಧಮಾಡಿ. ಹಿಂಡು ಬಿಟ್ಟೇ ಹೋದ ಮನೆಗಳಿಗೆ ಮೇಕೆಗಿಂತ ನಗದು ಕೆಲಸಕ್ಕೆ ಬರುತ್ತದೆ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಗಡಿ. ನಿಮ್ಮ ಹಿಂಡುಗಳು ಮಳೆ ನೋಡಿಕೊಂಡು ಇಥಿಯೋಪಿಯಾಕ್ಕೆ ಹೋಗುತ್ತವೆ, ಅಲ್ಲಿಯವು ಇಲ್ಲಿಗೆ ಬರುತ್ತವೆ. ಆ ಓಡಾಟಕ್ಕೆ ಒಪ್ಪಿಗೆ ಕೊಡುವ ಒಡಂಬಡಿಕೆಯನ್ನು ಈ ಭಾಗದ ದೇಶಗಳ ಕೂಟವಾದ ಇಗಾಡ್ 2020ರಲ್ಲಿ ಮಾಡಿದೆ. ಒಂದು ಕಡೆಯ ರೋಗ ಎಲ್ಲರ ಸಂತೆ ಮುಚ್ಚಿಸುತ್ತದೆ ಅನ್ನುವುದೂ ಈ ನಾಡಿಗೆ ಗೊತ್ತು. 1997-98ರ ಭಾರಿ ಮಳೆಯಲ್ಲಿ ಈಶಾನ್ಯ ಕೀನ್ಯಾ ಮತ್ತು ಸೊಮಾಲಿಯಾದಲ್ಲಿ ಪ್ರಾಣಿಗಳಿಂದ ಮನುಷ್ಯರಿಗೂ ಅಂಟುವ ರಿಫ್ಟ್ ವ್ಯಾಲಿ ಜ್ವರ ಹಬ್ಬಿದಾಗ ಸೌದಿ ಅರೇಬಿಯಾ ಇಲ್ಲಿಂದ ಹೋಗುವ ಕುರಿ-ಮೇಕೆ ನಿಲ್ಲಿಸಿತು. 2000ದಲ್ಲಿ ಮತ್ತೆ ನಿಂತ ವ್ಯಾಪಾರ ತೆರೆದದ್ದು 2009ರಲ್ಲಿ. ನಿಮ್ಮ ಲಸಿಕೆ ಸುತ್ತಿಗೆ ದಿನ ಗೊತ್ತುಮಾಡುವ ಮುಂಚೆ ಕೌಂಟಿ ಅಧಿಕಾರಿಯ ಮೂಲಕ ಆಚೆಯ ಮೊಯಾಲೆಯ ಪಶು ಕಚೇರಿಗೆ ಫೋನ್ ಮಾಡಿಸಿ. ಎರಡೂ ಕಡೆ ಒಂದೇ ಎರಡು ವಾರದಲ್ಲಿ, ಹಿಂಡುಗಳು ಒಣಗಾಲದ ಬಾವಿಗಳ ಸುತ್ತ ಸೇರಿದಾಗ, ಮೈಯಲ್ಲಿ ಇನ್ನೂ ಶಕ್ತಿ ಇರುವಾಗ ಹಾಕಿಸಿ. ಬಡಕಲಾದ ಮೇಲೆ ಹಾಕಿದ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆಗ ಮೇಕೆ ಸತ್ತರೆ ಜನ ಲಸಿಕೆಯಿಂದಲೇ ಸತ್ತಿತು ಅನ್ನುತ್ತಾರೆ, ಮುಂದಿನ ಸಲ ಹಿಂಡು ಕೂಡಿಹಾಕುವುದಿಲ್ಲ.